ನಿಧಾನವಾಗಿ ಬಿಡುಗಡೆಯಾಗುವ ಪೀಡೆನಾಶಕಗಳು

ಹಲವು ವರ್ಷಗಳ ಹಿಂದಿನ ಮಾತು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ, ಮದ್ದೂರು ಕಡೆಯ ಒಂದು ಹಳ್ಳಿಗೆ ಭತ್ತದ ಗದ್ದೆ ನೋಡಲು ಹೋಗಿದ್ದೆ. ನಾಟಿಯಾಗಿ ಇಪ್ಪತ್ತೈದು ದಿನವಾಗಿದ್ದ ಪೈರು, ಅಲ್ಲಲ್ಲಿ ಸುಳಿ ಒಣಗಿತ್ತು. ವಯಸ್ಸಾದ ರೈತರೊಬ್ಬರು ಮಂಕರಿಯಲ್ಲಿ ಹರಳು ಔಷಧ ಹಾಕಿಕೊಂಡು, ಗೊಬ್ಬರ ಎರಚುವ ಹಾಗೆ ಬರಿಗೈಯಲ್ಲಿ ಎರಚುತ್ತಿದ್ದರು. "ಕೈಗೆ ಏನಾದರೂ ಹಾಕಿಕೊಳ್ಳಬಾರದೇ ಯಜಮಾನ್ರೆ?" ಎಂದು ಕೇಳಿದೆ. ಅವರು ನಕ್ಕು, "ಸಿಂಪಡ್ಸೋ ಔಸ್ದಿ ಆದ್ರೆ ಸರಿ ಸ್ವಾಮಿ. ಇದು ಮಳ್ಳು ಇದ್ದಂಗದೆ, ಇದ್ರಲ್ಲೇನದೆ?" ಎಂದರು. ಕೆಲಸ ಮುಗಿಸಿ, ಕೈಯನ್ನು ಗದ್ದೆಯ ನೀರಿನಲ್ಲೇ ಅದ್ದಿ ಒರೆಸಿಕೊಂಡು, ಬದುವಿನ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಬಾಯಿಂದ ಜೊಲ್ಲು ಸುರಿಯತೊಡಗಿತು, ಮೈಯೆಲ್ಲ ಬೆವತಿತು, ಕಣ್ಣು ಮಂಜಾಯಿತು, ವಾಂತಿಯಾಯಿತು. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಸೇರಿಸಿದೆವು. ಔಷಧದ ಖಾಲಿ ಚೀಲವನ್ನು ಜೊತೆಗೆ ಒಯ್ದಿದ್ದರಿಂದ ವೈದ್ಯರಿಗೆ ಅಟ್ರೊಪಿನ್ ಚುಚ್ಚುಮದ್ದು ಕೊಡಲು ತಡವಾಗಲಿಲ್ಲ. ಅವರು ಬದುಕಿ ಉಳಿದರು.

ಆ ಹಿರಿಯರ ಮಾತು ಅರ್ಧ ನಿಜ. ಶೇ. 3ರ ಕಾರ್ಬೋಫ್ಯೂರಾನ್ ಹರಳಿನಲ್ಲಿ ನೂರಕ್ಕೆ ತೊಂಬತ್ತೇಳು ಪಾಲು ಮರಳು ಮತ್ತಿತರ ನಿರುಪದ್ರವಿ ವಸ್ತುಗಳೇ. ಉಳಿದ ಮೂರು ಪಾಲು ಮಾತ್ರ ವಿಷ, ಅದೂ ಅತಿ ಉಗ್ರವಾದದ್ದು. ಒಂದು ಹಿಡಿಯಲ್ಲಿ ಮೂವತ್ತು ಗ್ರಾಂ ಹರಳು ಬಂದರೆ ಅದರಲ್ಲಿ ಹೆಚ್ಚುಕಡಿಮೆ ಒಂದು ಗ್ರಾಂ ಶುದ್ಧ ವಿಷವಿರುತ್ತದೆ. ಅದನ್ನು ಮರಳಿಗೆ ಹಚ್ಚಿರುವುದು ಏಕೆಂದರೆ, ಒಮ್ಮೆಗೇ ಹೊರಬರದೆ ತೇವ ತಗುಲಿದಂತೆ ನಿಧಾನವಾಗಿ ಕರಗಿ ಪೈರಿನ ಬೇರಿಗೆ ಸಿಗಲಿ ಎಂದು. ಆದರೆ ಹರಳಿಗೆ ಗದ್ದೆಯ ಕೆಸರು ಯಾವುದು, ಬೆವರಿದ ಅಂಗೈ ಯಾವುದು ಎಂಬ ಭೇದ ತಿಳಿಯದು. ತೇವ ಎಲ್ಲಿದ್ದರೂ ಅದು ಕರಗುತ್ತದೆ.

ಹೀಗೆ ವಿಷವನ್ನು ಯಾವುದಾದರೊಂದು ಆವರಣದಲ್ಲಿ ಹಿಡಿದಿಟ್ಟು, ಬೇಕಾದ ಕಡೆ, ಬೇಕಾದಷ್ಟು ವೇಗದಲ್ಲಿ ಹೊರಬಿಡುವ ತಯಾರಿಕೆಗಳು ಈಗ ಹಲವು ಬಗೆಯಲ್ಲಿ ದೊರೆಯುತ್ತವೆ. ಇವು ಸಾಮಾನ್ಯ ಔಷಧಕ್ಕಿಂತ ಸುರಕ್ಷಿತ ಎಂದು ಹೇಳುವುದುಂಟು. ಆ ಮಾತು ಎಲ್ಲಿ ನಿಜ, ಎಲ್ಲಿ ನಿಜವಲ್ಲ ಎಂಬುದನ್ನು ರೈತ ಬಾಂಧವರು ತಿಳಿದಿರುವುದು ಅಗತ್ಯ.

ಮಡಕೆ ನೀರಾವರಿಯ ತತ್ತ್ವ

ಬಯಲುಸೀಮೆಯಲ್ಲಿ ತೆಂಗಿನ ಸಸಿಯ ಪಕ್ಕ ಮಣ್ಣಿನ ಮಡಕೆಯನ್ನು ಹೂತು ನೀರು ತುಂಬಿಸಿಡುವುದನ್ನು ನೀವು ನೋಡಿರಬಹುದು. ಒಂದು ಕೊಡ ನೀರನ್ನು ಬುಡಕ್ಕೆ ಒಮ್ಮೆಗೇ ಸುರಿದರೆ ಅರ್ಧ ಇಂಗಿ ಕೆಳಗಿಳಿಯುತ್ತದೆ, ಅರ್ಧ ಬಿಸಿಲಿಗೆ ಆರುತ್ತದೆ, ಎರಡು ದಿನದಲ್ಲಿ ಸಸಿ ಮತ್ತೆ ಬಾಡುತ್ತದೆ. ಅದೇ ನೀರು ಮಡಕೆಯ ಗೋಡೆಯ ಮೂಲಕ ಜಿನುಗಿದರೆ ವಾರವಿಡೀ ಬೇರು ತಂಪಾಗಿರುತ್ತದೆ. ನೀರು ಅಷ್ಟೇ, ಬಂದ ವೇಗ ಬೇರೆ. ಯೂರಿಯಾಕ್ಕೆ ಬೇವಿನೆಣ್ಣೆ ಲೇಪಿಸುವುದರ ಹಿಂದಿನ ಒಂದು ಉದ್ದೇಶವೂ ಸಾರಜನಕ ಬೇಗ ಪೋಲಾಗದೆ ಬೆಳೆಗೆ ನಿಧಾನವಾಗಿ ಒದಗಲಿ ಎಂಬುದೇ. 2015ರಿಂದ ನಮ್ಮ ದೇಶದಲ್ಲಿ ಬೇಸಾಯಕ್ಕೆ ಮಾರುವ ಯೂರಿಯಾ ಎಲ್ಲವೂ ಬೇವು ಲೇಪಿತವಾಗಿರಬೇಕೆಂಬ ನಿಯಮ ಬಂದಿದೆ.

ಪೀಡೆನಾಶಕದಲ್ಲಿ ಈ ವೇಗಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಒಂದು ಲೆಕ್ಕ ಮಾಡಿ ನೋಡೋಣ. ಬಿಸಿಲು, ಮಳೆ, ಸೂಕ್ಷ್ಮಾಣುಗಳ ಕಾರಣದಿಂದ ಪ್ರತಿ 3 ದಿನಕ್ಕೆ ಅರ್ಧ ಹಾಳಾಗುವ ಒಂದು ಔಷಧವಿದೆ ಎನ್ನೋಣ. ಹುಳು ಸಾಯಲು ಬೆಳೆಯ ಮೇಲೆ ಕನಿಷ್ಠ ಒಂದು ಪಾಲು ಇರಬೇಕು. ಹದಿನೈದು ದಿನ ರಕ್ಷಣೆ ಬೇಕಾದರೆ ಮೊದಲ ದಿನ ಎಷ್ಟು ಹಾಕಬೇಕು? ಹಿಂದಿನಿಂದ ಎಣಿಸಿ: 15ನೆಯ ದಿನಕ್ಕೆ 1, 12ಕ್ಕೆ 2, 9ಕ್ಕೆ 4, 6ಕ್ಕೆ 8, 3ಕ್ಕೆ 16, ಮೊದಲ ದಿನ 32 ಪಾಲು! ಅಂದರೆ ಬೇಕಾದದ್ದರ ಮೂವತ್ತೆರಡು ಪಟ್ಟು ವಿಷವನ್ನು ಮೊದಲ ದಿನವೇ ಸುರಿಯಬೇಕು. ಆ ದಿನ ಗದ್ದೆಯಲ್ಲಿರುವ ಆಳು, ಜೇಡ, ಜೇನು, ಮೀನು ಎಲ್ಲಕ್ಕೂ ಅದರ ಪೆಟ್ಟು. ಅದರ ಬದಲು ಮೊದಲ ದಿನ ಒಂದು ಪಾಲು ಹೊರಬಂದು, ಮುಂದೆ ಪ್ರತಿದಿನ ಹಾಳಾದಷ್ಟನ್ನು, ಅಂದರೆ ಸುಮಾರು ಕಾಲು ಪಾಲಿನಷ್ಟನ್ನು, ತುಂಬಿಕೊಡುವ ವ್ಯವಸ್ಥೆ ಇದ್ದರೆ ಹದಿನೈದು ದಿನಕ್ಕೆ ಒಟ್ಟು 5 ಪಾಲು ಸಾಕು. ಇದು ಕಾಗದದ ಮೇಲಿನ ಲೆಕ್ಕ. ಅಷ್ಟು ಕರಾರುವಾಕ್ಕಾಗಿ ಅಳೆದು ಬಿಡುವ ತಯಾರಿಕೆ ಹೊಲದಲ್ಲಿ ಸಿಗದು. ಆದರೂ ವಿಜ್ಞಾನಿಗಳು ಇದರ ಬೆನ್ನು ಹತ್ತಿದ್ದು ಏಕೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಸಿಂಪರಣೆಯ ಅಪಾಯ ನಮಗೆ ದೂರದ ಸಂಗತಿಯೇನಲ್ಲ. ನೆರೆಯ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ 2017ರ ಮುಂಗಾರಿನಲ್ಲಿ ಹತ್ತಿಗೆ ಔಷಧ ಹೊಡೆಯುತ್ತಿದ್ದ ರೈತರು ಮತ್ತು ಕೂಲಿಕಾರರಲ್ಲಿ 20ಕ್ಕೂ ಹೆಚ್ಚು ಮಂದಿ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಆಳೆತ್ತರ ಬೆಳೆದ ಗಿಡಗಳ ನಡುವೆ ನಡೆಯುತ್ತಾ ಹೊಡೆದ ಔಷಧ ಮೈ ಮುಖಕ್ಕೆ ಬಿದ್ದು ಆದ ಅನಾಹುತ ಅದು.

ಹರಳು: ಹಳೆಯ ಪರಿಚಯ, ಹೊಸ ನಿಯಮ

ನಿಧಾನ ಬಿಡುಗಡೆಯ ಔಷಧಗಳಲ್ಲಿ ನಮ್ಮ ರೈತರಿಗೆ ಮೊದಲು ಪರಿಚಯವಾದದ್ದು ಹರಳು. ಥಿಮೆಟ್ ಎಂದರೆ ಫೋರೇಟ್, ಫ್ಯೂರಡಾನ್ ಎಂದರೆ ಕಾರ್ಬೋಫ್ಯೂರಾನ್. ಗೊಣ್ಣೆ ಹುಳುವಿಗೆ, ಶುಂಠಿಗೆ, ಬಾಳೆಗೆ, ಭತ್ತದ ಸಸಿಮಡಿಗೆ ಇವನ್ನು ಬಳಸಿದವರು ಸಾವಿರಾರು. ಈ ಪೈಕಿ ಫೋರೇಟ್ ಈಗ ಇಲ್ಲ. 2018ರ ಆಗಸ್ಟ್‌ನಲ್ಲಿ ಹೊರಟ ಕೇಂದ್ರದ ಆದೇಶದಂತೆ 2020ರ ಡಿಸೆಂಬರ್ 31ರಿಂದ ಅದರ ಬಳಕೆ ಪೂರ್ತಿ ನಿಷಿದ್ಧ. ಅಟ್ಟದ ಮೇಲೆ ಹಳೆಯ ಥಿಮೆಟ್ ಚೀಲ ಉಳಿದಿದ್ದರೆ ಅದನ್ನು ಬಳಸಿ ಮುಗಿಸೋಣ ಎಂದುಕೊಳ್ಳಬೇಡಿ, ಬಾವಿಗೆ ಕಾಲುವೆಗೆ ಎಸೆಯಲೂಬೇಡಿ. ಚೀಲ ಬಿಚ್ಚದೆ ಬೀಗದಲ್ಲಿಟ್ಟು ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ.

ಕಾರ್ಬೋಫ್ಯೂರಾನಿನ ವಿಷಯದಲ್ಲಿ ಆದದ್ದು ನಮ್ಮ ಲೇಖನಕ್ಕೆ ನೇರವಾಗಿ ಸಂಬಂಧಿಸಿದೆ. 2023ರ ಕೇಂದ್ರದ ಆದೇಶವು ಇದರ ಉಳಿದೆಲ್ಲ ತಯಾರಿಕೆಗಳನ್ನು ನಿಲ್ಲಿಸಿ, ಶೇ. 3ರ ಆವರಣವುಳ್ಳ ಹರಳನ್ನು ಮಾತ್ರ, ಅದೂ ಚೀಟಿಯಲ್ಲಿ ಹೆಸರಿಸಿದ ಬೆಳೆಗಳಿಗೆ ಮಾತ್ರ ಉಳಿಸಿತು. ಚೀಲದ ಮೇಲೆ ಶೇಕಡಾ ಪ್ರಮಾಣದ ಮುಂದೆ 'ಸಿ.ಜಿ.' ಎಂಬ ಎರಡು ಅಕ್ಷರವಿರುವುದು ಇದನ್ನೇ. ಬರೀ ಮರಳಿಗೆ ವಿಷ ಹಚ್ಚಿದ ಹರಳು ಉಜ್ಜಿದರೆ ದೂಳಾಗಿ ಏಳುತ್ತದೆ, ಕೈಗಂಟುತ್ತದೆ. ಮೇಲೊಂದು ಪದರ ಇದ್ದರೆ ದೂಳು ಕಡಿಮೆ, ಕರಗುವ ವೇಗವೂ ಕಡಿಮೆ. ಆದುದರಿಂದ ಎರಡು ಮಾತು ನೆನಪಿನಲ್ಲಿಡಿ. ಒಂದು, ಸಡಿಲವಾಗಿ ತೂಗಿ ಕಾಗದದಲ್ಲಿ ಕಟ್ಟಿಕೊಡುವ ಹರಳನ್ನು ಯಾವ ಅಂಗಡಿಯಲ್ಲೂ ಕೊಳ್ಳಬಾರದು. ಅದರಲ್ಲಿ ಯಾವ ಪದರವಿದೆ, ಯಾವ ವಿಷವಿದೆ ಎಂದು ಹೇಳುವವರಿಲ್ಲ. ಇನ್ನೊಂದು, ಹರಳನ್ನು ಬಕೆಟ್ಟಿನ ನೀರಿನಲ್ಲಿ ನೆನೆಸಿ, ಸೋಸಿ, ಆ ನೀರನ್ನು ಸಿಂಪಡಿಸುವ ರೂಢಿ ಕೆಲವು ಕಡೆ ಇದೆ. ಇದಕ್ಕಿಂತ ಅಪಾಯದ ಕೆಲಸ ಬೇರೊಂದಿಲ್ಲ. ನಿಧಾನವಾಗಿ ಬರಲಿ ಎಂದು ದುಡ್ಡು ಕೊಟ್ಟು ತಂದ ಔಷಧವನ್ನು ನಾವೇ ಒಮ್ಮೆಗೇ ಬಿಚ್ಚಿ, ಉಸಿರಿಗೂ ಮೈಗೂ ಹರಡಿಕೊಂಡಂತಾಗುತ್ತದೆ.

ಹರಳಿನಿಂದ ಹಕ್ಕಿಗಳಿಗೆ ಆದ ಹಾನಿಯೂ ಸಣ್ಣದಲ್ಲ. ಹಕ್ಕಿಗಳು ಕಾಳು ಅರೆಯಲೆಂದು ಸಣ್ಣ ಕಲ್ಲುಗಳನ್ನು ನುಂಗುವುದುಂಟು. ಹರಳನ್ನು ಕಾಳೆಂದೋ ಕಲ್ಲೆಂದೋ ನುಂಗಿದರೆ ಗುಬ್ಬಿಯಂಥ ಸಣ್ಣ ಹಕ್ಕಿಗೆ ಒಂದೇ ಹರಳು ಸಾಕು. ಅಮೆರಿಕಾದಲ್ಲಿ ಇದೇ ಕಾರಣಕ್ಕೆ 1991ರಿಂದ ಆರಂಭಿಸಿ ಕಾರ್ಬೋಫ್ಯೂರಾನ್ ಹರಳಿನ ಬಳಕೆಯನ್ನು ಹಂತಹಂತವಾಗಿ ಕೈಬಿಡಲಾಯಿತು. ನಮ್ಮ ಹಿತ್ತಲ ಕೋಳಿಯೂ ಹಕ್ಕಿಯೇ. ಹರಳು ಮಣ್ಣಿನ ಮೇಲೆ ಕಾಣುವಂತೆ ಉಳಿಯಬಾರದು, ಬದುವಿನ ಮೇಲೆ ಚೆಲ್ಲಬಾರದು. ಚೆಲ್ಲಿದ್ದನ್ನು ಕೂಡಲೇ ಮಣ್ಣು ಮುಚ್ಚಬೇಕು.

ಗದ್ದೆಗೆ ಹರಳು ಹಾಕುವ ರೀತಿ

ಮೊದಲನೆಯದಾಗಿ, ಹಾಕುವ ಅಗತ್ಯವಿದೆಯೇ ನೋಡಿ. ಕಾಂಡ ಕೊರೆಯುವ ಹುಳುವಿಗಾದರೆ ಚದರ ಮೀಟರಿಗೆ ಒಂದು ಮೊಟ್ಟೆಯ ಗುಂಪು ಅಥವಾ ನೂರು ತೆಂಡೆಗೆ ಐದು ಸುಳಿ ಒಣಗಿರುವುದು ಕಂಡಾಗ ಮಾತ್ರ ಔಷಧ. "ಪಕ್ಕದವರು ಹಾಕಿದರು" ಎಂಬುದು ಕಾರಣವಾಗದು. ಇಂದು ಭತ್ತಕ್ಕೆ ಹರಳು ರೂಪದಲ್ಲಿ ಕಾರ್ಬೋಫ್ಯೂರಾನಿಗಿಂತ ಮನುಷ್ಯರಿಗೆ ಬಹಳ ಕಡಿಮೆ ವಿಷವಾದ ಔಷಧಗಳೂ ಇವೆ. ಉದಾಹರಣೆಗೆ ಶೇ. 0.4ರ ಕ್ಲೋರಾಂಟ್ರಾನಿಲಿಪ್ರೋಲ್ ಹರಳು ಎಕರೆಗೆ 4 ಕಿಲೋ. ಈ ಚೀಲದಲ್ಲಿ ಎಕರೆಗೆ ಬೀಳುವ ಶುದ್ಧ ಔಷಧ ಕೇವಲ 16 ಗ್ರಾಂ. ಇಂಥದು ಸಿಗುವಾಗ ಉಗ್ರ ವಿಷವನ್ನು ಆರಿಸಿಕೊಳ್ಳಲು ಕಾರಣವಿಲ್ಲ ಎಂಬುದು ನನ್ನ ಅಭಿಪ್ರಾಯ, ಬೆಲೆ ತುಸು ಹೆಚ್ಚಾದರೂ ಸರಿ.

ಹಾಕುವ ದಿನ ಗದ್ದೆಯಲ್ಲಿ ಒಂದೆರಡು ಅಂಗುಲ ನೀರು ನಿಂತಿರಲಿ. ನೀರು ಒಳಬರುವ, ಹೊರಹೋಗುವ ಮಡೆಗಳೆರಡನ್ನೂ ಕಟ್ಟಿ. ಹರಳಿಗೆ ಒಣ ಮರಳು ಬೆರೆಸಿ, ರಬ್ಬರ್ ಕೈಗವಸು ಹಾಕಿಕೊಂಡು, ಗಾಳಿಗೆ ಬೆನ್ನು ಮಾಡಿ ಎರಚಿ. ಮಂಕರಿ ಬೇಡ, ಅದರ ಸಂದಿನಲ್ಲಿ ಉಳಿದ ಹರಳು ನಾಳೆ ಸೊಪ್ಪಿನ ಜೊತೆ ಮನೆಗೆ ಬರುತ್ತದೆ. ಇದಕ್ಕೆಂದೇ ಒಂದು ಪ್ಲಾಸ್ಟಿಕ್ ಬಕೆಟ್ ಮೀಸಲಿಟ್ಟು ಗುರುತು ಹಾಕಿ. ಕನಿಷ್ಠ ನಾಲ್ಕೈದು ದಿನ ನೀರು ಹೊರಬಿಡಬಾರದು. ಬಿಟ್ಟರೆ ನಿಮ್ಮ ಹಣ ಕೆಳಗಿನ ಗದ್ದೆಗೆ ಹೋಗುವುದಷ್ಟೇ ಅಲ್ಲ, ಕೆರೆಯ ಮೀನೂ ದನ ಕುಡಿಯುವ ನೀರೂ ಕೆಡುತ್ತವೆ. ದೊಡ್ಡ ಮಳೆಯ ಮುನ್ಸೂಚನೆ ಇದ್ದರೆ ಕೆಲಸವನ್ನು ಮುಂದೂಡಿ. ಆ ಬದುವಿನ ಹುಲ್ಲನ್ನು ಸ್ವಲ್ಪ ಕಾಲ ದನಗಳಿಗೆ ಕೊಯ್ಯಬೇಡಿ.

ಇಲ್ಲೊಂದು ಹಳೆಯ ಪ್ರಯೋಗವನ್ನು ಹೇಳಬೇಕು. 1970ರ ದಶಕದಲ್ಲಿ ಫಿಲಿಪೈನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಹರಳನ್ನು ನೀರಿನ ಮೇಲೆ ಎರಚುವ ಬದಲು, ಜೆಲಟಿನ್ ಕ್ಯಾಪ್ಸೂಲಿನಲ್ಲೋ ಮಣ್ಣಿನ ಉಂಡೆಯಲ್ಲೋ ಇಟ್ಟು ಬೇರಿನ ಪಕ್ಕ ಕೆಸರಿನೊಳಗೆ ಒತ್ತಿ ನೋಡಿದರು. ಹಾಗೆ ಒಮ್ಮೆ ಕೊಟ್ಟದ್ದು ಹಲವು ಬಾರಿ ಎರಚಿದ್ದಕ್ಕಿಂತ ಹೆಚ್ಚು ಕಾಲ ಕೆಲಸ ಮಾಡಿತು. ವಿಷ ನೀರಿನಲ್ಲಿ ಪೋಲಾಗದೆ ಬೇರಿಗೇ ಸಿಕ್ಕಿದ್ದು ಇದಕ್ಕೆ ಕಾರಣ. ಆದರೆ ಎಕರೆಗಟ್ಟಲೆ ಗದ್ದೆಗೆ ಬುಡಬುಡಕ್ಕೂ ಬಗ್ಗಿ ಉಂಡೆ ಒತ್ತುವ ಆಳು ಎಲ್ಲಿಂದ ತರುವುದು? ವಿಧಾನ ಅಲ್ಲಿಗೇ ನಿಂತಿತು. ಸಸಿಮಡಿಯಲ್ಲಿ ಮಾತ್ರ ಈ ತತ್ತ್ವ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಎಕರೆ ಗದ್ದೆಗೆ ಹಾಕುವ ಔಷಧದ ಸಣ್ಣ ಭಾಗವನ್ನು ಕೆಲವೇ ಗುಂಟೆಯ ಮಡಿಗೆ ಕೊಟ್ಟು ನಾಟಿಯ ಮುಂಚೆಯೇ ಸಸಿಗೆ ರಕ್ಷಣೆ ಒದಗಿಸುವುದು ಎಷ್ಟೋ ಮೇಲು.

ಮಣ್ಣೇ ಔಷಧವನ್ನು ತಿಂದಾಗ

ಒಂದೇ ಹರಳನ್ನು ಒಂದೇ ಗದ್ದೆಗೆ ಬೆಳೆಬೆಳೆಗೂ ಹಾಕುವವರು "ಮೊದಲಿನಂತೆ ಹಿಡಿಯುತ್ತಿಲ್ಲ" ಎಂದು ದೂರುವುದುಂಟು. ಅಂಗಡಿಯವನು ಕಲಬೆರಕೆ ಕೊಟ್ಟ ಎಂದೇ ಎಲ್ಲರ ಅನುಮಾನ. ಕೆಲವೊಮ್ಮೆ ಅದೂ ಇರಬಹುದು. ಆದರೆ ಇನ್ನೊಂದು ಕಾರಣವನ್ನು 1970ರ ದಶಕದ ಆರಂಭದಲ್ಲಿ, ಮೇಲೆ ಹೇಳಿದ ಅದೇ ಸಂಸ್ಥೆಯಲ್ಲಿ, ನಮ್ಮ ದೇಶದ ಎನ್. ಸೇತುನಾಥನ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿಕೊಟ್ಟರು. ಡಯಾಜಿನಾನ್ ಎಂಬ ಔಷಧವನ್ನು ಮತ್ತೆ ಮತ್ತೆ ಹಾಕಿದ ಗದ್ದೆಯ ನೀರಿನಲ್ಲಿ ಅದನ್ನೇ ಆಹಾರ ಮಾಡಿಕೊಂಡು ಒಡೆಯುವ ಬ್ಯಾಕ್ಟೀರಿಯಾಗಳು ಬೆಳೆದಿದ್ದವು. ಅಂಥ ನೀರಿಗೆ ಹಾಕಿದ ಔಷಧ ಬಹುಬೇಗ ಮಾಯವಾಗುತ್ತಿತ್ತು. ಕಾರ್ಬೋಫ್ಯೂರಾನಿಗೂ ಹೀಗೆಯೇ ಆಗುವುದು ಮುಂದೆ ಹಲವು ದೇಶಗಳ ಮಣ್ಣಿನಲ್ಲಿ ಕಂಡುಬಂತು. ನಿಧಾನವಾಗಿ ಬಿಡುಗಡೆಯಾಗುವ ಔಷಧಕ್ಕೆ ಇದು ದೊಡ್ಡ ತೊಡಕು. ದಿನಕ್ಕೆ ಚೂರುಚೂರೇ ಬರುವ ವಿಷ ಬಂದದ್ದು ಬಂದಂತೆ ಸೂಕ್ಷ್ಮಾಣುಗಳ ಪಾಲಾದರೆ ಬೇರಿಗೆ ಉಳಿಯುವುದೇನು? ಆಗ ಹೆಚ್ಚು ಹಾಕುವುದರಿಂದ ಫಲವಿಲ್ಲ. ಒಂದೆರಡು ಬೆಳೆ ಆ ಗುಂಪಿನ ಔಷಧವನ್ನೇ ಬಿಟ್ಟು ಬೇರೆ ಗುಂಪಿನದನ್ನು, ಬೇರೆ ಉಪಾಯವನ್ನು ನೋಡಬೇಕು.

ಕ್ಯಾಪ್ಸೂಲ್ ರೂಪದ ದ್ರವಗಳು

ಅಂಗಡಿಯಲ್ಲಿ ರಸೀದಿ ಬರೆದಾಗ ಕೆಳಗಿನ ಹಾಳೆಯಲ್ಲಿ ಕಾರ್ಬನ್ ಕಾಗದವಿಲ್ಲದೆಯೇ ಅಕ್ಷರ ಮೂಡುವುದನ್ನು ನೋಡಿದ್ದೀರಿ. ಮೇಲಿನ ಹಾಳೆಯ ಬೆನ್ನಿಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಬಣ್ಣದ ಕ್ಯಾಪ್ಸೂಲುಗಳನ್ನು ಲೇಪಿಸಿರುತ್ತಾರೆ, ಪೆನ್ನು ಒತ್ತಿದಲ್ಲಿ ಅವು ಒಡೆಯುತ್ತವೆ. 1950ರ ದಶಕದಲ್ಲಿ ಅಮೆರಿಕಾದಲ್ಲಿ ರಸೀದಿಗಾಗಿ ಬಂದ ಈ ಉಪಾಯ ಇಪ್ಪತ್ತು ವರ್ಷದೊಳಗೆ ಕೀಟನಾಶಕಕ್ಕೂ ಬಂತು. ಮಿಥೈಲ್ ಪ್ಯಾರಾಥಿಯಾನನ್ನು (ನಮ್ಮಲ್ಲಿ ಮೆಟಾಸಿಡ್ ಎಂದು ಹೆಸರಾಗಿದ್ದು, 2018ರಲ್ಲಿ ನಿಷೇಧವಾದದ್ದು) ನೈಲಾನಿನಂಥ ಪದರದೊಳಗೆ ತುಂಬಿದ ತಯಾರಿಕೆ 1974ರ ಸುಮಾರಿಗೆ ಅಲ್ಲಿ ಮಾರಾಟಕ್ಕೆ ಬಂತು. ಚರ್ಮದ ಮೂಲಕ ಏರುವ ವಿಷ ಹಲವು ಪಟ್ಟು ಇಳಿಯಿತು, ಎಲೆಯ ಮೇಲೆ ಉಳಿಯುವ ದಿನಗಳು ಹೆಚ್ಚಿದವು.

ಈಗ ನಮ್ಮಲ್ಲಿ ಶೀಶೆಯ ಮೇಲೆ 'ಸಿ.ಎಸ್.' ಎಂದಿದ್ದರೆ ಅದು ನೀರಿನಲ್ಲಿ ತೇಲಿಬಿಟ್ಟ ಇಂಥ ಕ್ಯಾಪ್ಸೂಲುಗಳು. 'ಇ.ಸಿ.' ಎಂದಿದ್ದರೆ ಎಣ್ಣೆಯಂಥ ದ್ರಾವಕದಲ್ಲಿ ಕರಗಿಸಿದ ಹಳೆಯ ಬಗೆ. 'ಝಡ್.ಸಿ.' ಎಂದರೆ ಕ್ಯಾಪ್ಸೂಲೂ ಸೇರಿದ ಎರಡು ಔಷಧಗಳ ಮಿಶ್ರಣ. ಲ್ಯಾಂಬ್ಡಾ ಸೈಹಲೋಥ್ರಿನ್ ಶೇ. 5 ಇ.ಸಿ. ರೂಪದಲ್ಲೂ ಶೇ. 4.9 ಸಿ.ಎಸ್. ರೂಪದಲ್ಲೂ ಸಿಗುತ್ತದೆ. ಇ.ಸಿ. ಹೊಡೆದ ಸಂಜೆ ಮುಖ, ಕತ್ತು ಮೆಣಸಿನಕಾಯಿ ಹಚ್ಚಿದಂತೆ ಚುರುಗುಟ್ಟುವುದು ಹೊಡೆದವರಿಗೆಲ್ಲ ಗೊತ್ತು. ಸಿ.ಎಸ್.ನಲ್ಲಿ ಈ ಉರಿ ಕಡಿಮೆ. ಕಳೆನಾಶಕ ಪೆಂಡಿಮೆಥಾಲಿನ್ ಕೂಡ ಶೇ. 30 ಇ.ಸಿ., ಶೇ. 38.7 ಸಿ.ಎಸ್. ಎಂಬ ಎರಡು ರೂಪದಲ್ಲಿದೆ. ಇ.ಸಿ. ಬಗೆ ಕೈ, ಬಟ್ಟೆ, ಪಂಪನ್ನೆಲ್ಲ ಹಳದಿ ಮಾಡುತ್ತದೆ, ಬಿಸಿಲಿಗೆ ಆವಿಯಾಗಿ ಹೋಗುತ್ತದೆ. ಕ್ಯಾಪ್ಸೂಲಿನೊಳಗಿರುವುದು ಮಣ್ಣಿನ ತೇವಕ್ಕಾಗಿ ಕೆಲವು ದಿನ ಕಾಯಬಲ್ಲದು. ಶೇಕಡಾ ಪ್ರಮಾಣ ಬೇರೆಯಾದ್ದರಿಂದ ಹಳೆಯ ಅಳತೆಯನ್ನೇ ಹೊಸ ಶೀಶೆಗೆ ಬಳಸಬಾರದು. ಇದನ್ನು ಬಹಳ ಮಂದಿ ಮರೆಯುತ್ತಾರೆ.

ಬಳಸುವಾಗ ಶೀಶೆಯನ್ನು ಚೆನ್ನಾಗಿ ಕುಲುಕಿ, ಕ್ಯಾಪ್ಸೂಲುಗಳು ತಳ ಹಿಡಿದಿರುತ್ತವೆ. ಕಲಸಿದ್ದನ್ನು ರಾತ್ರಿಯಿಡೀ ಪಂಪಿನಲ್ಲಿ ಬಿಡಬೇಡಿ. ಬೇರೆ ಇ.ಸಿ. ಔಷಧವನ್ನೋ ಎಣ್ಣೆಯನ್ನೋ ಮನಬಂದಂತೆ ಬೆರೆಸಿದರೆ ಅದರ ದ್ರಾವಕ ಕ್ಯಾಪ್ಸೂಲಿನ ಗೋಡೆಯನ್ನೇ ಹಾಳುಮಾಡಬಹುದು. ಶೀಶೆಯ ಜೊತೆಯ ಚೀಟಿಯಲ್ಲಿ ಬೆರೆಸಬಹುದೆಂದು ಹೇಳಿದ್ದರೆ ಮಾತ್ರ ಬೆರೆಸಿ. ಭತ್ತದಲ್ಲಿ ಕಂದುಜಿಗಿ ಹುಳು ಇರುವಾಗ ಲ್ಯಾಂಬ್ಡಾದಂಥ ಪೈರಿಥ್ರಾಯ್ಡ್ ಔಷಧಗಳು ಬೇಡವೇ ಬೇಡ, ಕ್ಯಾಪ್ಸೂಲಿನಲ್ಲಿದ್ದರೂ ಅಷ್ಟೇ. ಅವು ಜೇಡಗಳನ್ನು ಕೊಂದು ಜಿಗಿಹುಳುವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಮೀನಿಗೂ ಇವು ಕಡು ವಿಷ.

ಜೇನಿನ ಗೂಡಿಗೆ ಹೋದ ವಿಷ

ಕ್ಯಾಪ್ಸೂಲು ಮನುಷ್ಯನಿಗೆ ಒಳಿತು ಮಾಡಿತು ಎಂದೆವಲ್ಲ, ಅದೇ ಮಿಥೈಲ್ ಪ್ಯಾರಾಥಿಯಾನ್ ಕ್ಯಾಪ್ಸೂಲು ಅಮೆರಿಕಾದ ಜೇನು ಸಾಕಣೆದಾರರಿಗೆ ದೊಡ್ಡ ಪೆಟ್ಟು ಕೊಟ್ಟಿತು. ಕಾರಣ ಯಾರೂ ಎಣಿಸದಂಥದು. ಆ ಕ್ಯಾಪ್ಸೂಲುಗಳ ಗಾತ್ರ ಸುಮಾರು 30ರಿಂದ 50 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗಕ್ಕಿಂತಲೂ ಚಿಕ್ಕದು. ಎಷ್ಟೋ ಹೂಗಳ ಪರಾಗದ ಕಣವೂ ಅಷ್ಟೇ ದೊಡ್ಡದು! ಹೂವಿಗೆ ಬಂದ ಜೇನುನೊಣದ ಮೈಗೂದಲಿಗೆ ಪರಾಗದ ಜೊತೆ ಕ್ಯಾಪ್ಸೂಲೂ ಅಂಟಿತು. ನೊಣ ಎರಡನ್ನೂ ಬಾಚಿ ಉಂಡೆ ಕಟ್ಟಿ ಕಾಲಿನ ಬುಟ್ಟಿಯಲ್ಲಿ ಹೊತ್ತು ಗೂಡಿಗೆ ಒಯ್ದಿತು.

ಸಾಮಾನ್ಯ ದ್ರವ ಔಷಧ ತಗುಲಿದ ನೊಣ ಬಹುಪಾಲು ಹೊಲದಲ್ಲೇ ಸಾಯುತ್ತದೆ. ನಷ್ಟ ಸಣ್ಣದಲ್ಲ, ಆದರೆ ಗೂಡಿನೊಳಗೆ ರಾಣಿ, ಮರಿಗಳು ಉಳಿದು ಕುಟುಂಬ ಚೇತರಿಸಿಕೊಳ್ಳಬಹುದು. ಇಲ್ಲಿ ನಿಧಾನ ಬಿಡುಗಡೆಯೇ ಮುಳುವಾಯಿತು. ವಿಷ ಹೊತ್ತ ನೊಣ ಸಾಯದೆ ಮನೆ ಸೇರಿತು, ಪರಾಗ ರೊಟ್ಟಿಯೊಳಗೆ ಕ್ಯಾಪ್ಸೂಲುಗಳು ದಾಸ್ತಾನಾದವು, ದಾದಿ ನೊಣಗಳು ಅದನ್ನೇ ಮರಿಗಳಿಗೆ ಉಣಿಸಿದವು. ಸಿಂಪಡಿಸಿ ತಿಂಗಳುಗಳು ಕಳೆದ ಮೇಲೂ ಆ ಪರಾಗ ವಿಷವಾಗಿಯೇ ಇತ್ತು.

ಇಂದಿನ ಸಿ.ಎಸ್. ಔಷಧಗಳ ಕ್ಯಾಪ್ಸೂಲುಗಳು ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕವು, ಗೋಡೆಯೂ ತೆಳು, ಎಲೆಯ ಮೇಲೆ ಒಣಗಿದಾಗ ಬೇಗ ಬಿಚ್ಚಿಕೊಳ್ಳುತ್ತವೆ. ಆದರೂ ಹೂ ಬಿಟ್ಟ ಸೂರ್ಯಕಾಂತಿ, ಹುಚ್ಚೆಳ್ಳು, ಕುಂಬಳ ಜಾತಿಯ ಬಳ್ಳಿ, ಏಲಕ್ಕಿ, ಮಾವು ಇವುಗಳಿಗೆ ಕೀಟನಾಶಕದ ಕ್ಯಾಪ್ಸೂಲನ್ನು ಹೊಡೆಯಬಾರದೆಂಬುದೇ ಸರಿಯಾದ ನಿಯಮ. ಸಂಜೆ ಹೊಡೆದರೆ ತೊಂದರೆಯಿಲ್ಲ ಎಂಬ ಸಾಮಾನ್ಯ ಸಲಹೆ ಇಲ್ಲಿ ಪೂರ್ತಿ ಕಾಪಾಡದು, ಏಕೆಂದರೆ ಕ್ಯಾಪ್ಸೂಲು ಮರುದಿನ ಬೆಳಿಗ್ಗೆಯೂ ಹೂವಿನ ಮೇಲೆ ಇದ್ದೇ ಇರುತ್ತದೆ. ಬೆಳೆ ಹೂ ಬಿಟ್ಟಿಲ್ಲವೆಂದರೂ ಸಾಲದು. ಅದರ ಕೆಳಗಿನ ಕಳೆ ಹೂ ಬಿಟ್ಟಿದ್ದರೆ ಜೇನು ಅಲ್ಲಿಗೂ ಬರುತ್ತದೆ. ಕೊಡಗು, ಮಲೆನಾಡಿನಲ್ಲಿ ತುಡುವೆ ಪೆಟ್ಟಿಗೆ ಇಟ್ಟವರು ನೆರೆಯಲ್ಲಿದ್ದರೆ ಮುಂಚೆಯೇ ಹೇಳಿಕಳಿಸುವುದು ನೆರೆಹೊರೆಯ ಧರ್ಮ.

ಕೊಯ್ಲಿಗೆ ಎಷ್ಟು ದಿನ ಬಿಡಬೇಕು

ಹೆಚ್ಚು ದಿನ ಕೆಲಸ ಮಾಡುವ ಔಷಧ ಹೆಚ್ಚು ದಿನ ಬೆಳೆಯಲ್ಲಿ ಉಳಿಯುತ್ತದೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇ.ಸಿ. ಹೊಡೆದ ಅಭ್ಯಾಸದಲ್ಲಿ "ಒಂದು ವಾರ ಬಿಟ್ಟರೆ ಸಾಕು" ಎಂದುಕೊಂಡು ಟೊಮ್ಯಾಟೊ, ಬದನೆ ಕೀಳಬಾರದು. ಚೀಟಿಯಲ್ಲಿ ಆ ಬೆಳೆಗೆ, ಆ ರೂಪಕ್ಕೆ ಎಷ್ಟು ದಿನ ಎಂದಿದೆಯೋ ಅಷ್ಟು ಕಾಯಬೇಕು. ಮೂರು ನಾಲ್ಕು ವಾರಕ್ಕೇ ಕೊಯ್ಯುವ ಸೊಪ್ಪುಗಳಿಗೆ ಬೇರಿನಿಂದ ಏರುವ ಹರಳನ್ನು ಹಾಕಲೇಬಾರದು. ಸೊಪ್ಪಿನೊಳಗೆ ಏರಿದ ವಿಷ ತೊಳೆದರೆ ಹೋಗದು. ಕೆಲವರು ಮಾರುವ ಮಡಿಗೆ ಹಾಕಿ ಮನೆಯ ಮಡಿಯನ್ನು ಬೇರೆ ಇಡುತ್ತಾರೆಂದು ಕೇಳಿದ್ದೇನೆ. ಅದಕ್ಕೆ ನಾನು ಹೇಳಬೇಕಾದದ್ದು ಏನೂ ಇಲ್ಲ.

ಪೊಟ್ಟಣದ ಮೇಲಿನ ವಜ್ರಾಕಾರದ ಗುರುತಿನ ಕೆಳ ಅರ್ಧ ಕೆಂಪಾಗಿದ್ದರೆ ಅತಿ ಉಗ್ರ ವಿಷ, ನಂತರ ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಹಚ್ಚಿಕೊಂಡ ಬಟ್ಟೆಯನ್ನು ಅಂದೇ, ಮನೆಯವರ ಬಟ್ಟೆಗಳಿಂದ ಬೇರೆಯಾಗಿ ಒಗೆಯಬೇಕು. ಕ್ಯಾಪ್ಸೂಲು ನೂಲಿನ ಸಂದಿನಲ್ಲಿ ಕುಳಿತರೆ ಒಗೆಯುವ ಹೆಂಗಸಿನ ಕೈಗೆ ನಾಳೆ ಬಿಚ್ಚಿಕೊಳ್ಳುತ್ತದೆ. ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜು, ಮಾಂಸಖಂಡಗಳ ನಡುಕ ಕಂಡರೆ ಬಟ್ಟೆ ತೆಗೆದು, ಮೈಯನ್ನು ಸಾಬೂನಿನಿಂದ ತೊಳೆದು, ಪೊಟ್ಟಣ ಅಥವಾ ಚೀಟಿಯ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಹುಣಸೆಹಣ್ಣಿನ ನೀರು, ಮಜ್ಜಿಗೆ ಎಂದು ಹೊತ್ತು ಕಳೆಯಬೇಡಿ.

ಕೊಲ್ಲದೆ ಕಾಯುವ ವಾಸನೆ

ನಿಧಾನ ಬಿಡುಗಡೆಯ ವಿದ್ಯೆ ಎಲ್ಲಕ್ಕಿಂತ ಚೆನ್ನಾಗಿ ಫಲಿಸಿರುವುದು ವಿಷದಲ್ಲಲ್ಲ, ವಾಸನೆಯಲ್ಲಿ. ಹೆಣ್ಣು ಪತಂಗ ಗಂಡನ್ನು ಕರೆಯಲು ಬಿಡುವ ವಾಸನೆಯನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ರಬ್ಬರ್ ತುಂಡಿಗೆ ತುಂಬಿದರೆ ಮೋಹಕ ಬಲೆಯ ಲೂರ್ ಆಗುತ್ತದೆ. ಲೂರಿನಲ್ಲಿರುವುದು ಮಿಲಿಗ್ರಾಂ ಲೆಕ್ಕದ ವಸ್ತು. ಬಯಲಿನಲ್ಲಿಟ್ಟರೆ ಬೇಗನೆ ಆರಿಹೋಗುವ ಅದನ್ನು ರಬ್ಬರು ವಾರಗಟ್ಟಲೆ ಹಿಡಿದು ಬಿಡುತ್ತದೆ. ಹತ್ತಿಯ ಗುಲಾಬಿ ಕಾಯಿಕೊರಕದ ಮೋಹಕವನ್ನು 1973ರಲ್ಲಿ ಗುರುತಿಸಲಾಯಿತು. ಅದನ್ನು ಕೂದಲಿನಂಥ ಪೊಳ್ಳು ನಾರುಗಳಲ್ಲಿ ತುಂಬಿ ಹೊಲದಲ್ಲೆಲ್ಲ ಹರಡಿ, ಗಂಡಿಗೆ ಹೆಣ್ಣಿನ ದಿಕ್ಕೇ ತಿಳಿಯದಂತೆ ಮಾಡುವ ತಯಾರಿಕೆಗೆ ಅಮೆರಿಕಾದಲ್ಲಿ 1978ರಲ್ಲಿ ಅನುಮತಿ ದೊರೆಯಿತು. ಬಿ.ಟಿ. ಹತ್ತಿಯಲ್ಲೂ ಈ ಹುಳು ಕಾಡುತ್ತಿರುವ ರಾಯಚೂರು, ಕಲಬುರಗಿ ಕಡೆಯವರಿಗೆ ಇದು ಗಮನಿಸತಕ್ಕ ವಿಷಯ. ಗಿಡಕ್ಕೆ ಕಟ್ಟುವ ದಾರ, ಹಚ್ಚುವ ಮುದ್ದೆಯ ರೂಪದಲ್ಲಿ ಇಂಥ ತಯಾರಿಕೆಗಳು ಈಗ ನಮ್ಮ ದೇಶದಲ್ಲೂ ಬಂದಿವೆ. ಒಬ್ಬರೇ ಎರಡು ಎಕರೆಗೆ ಕಟ್ಟಿದರೆ ಪ್ರಯೋಜನ ಕಡಿಮೆ, ಪಕ್ಕದ ಹೊಲದಲ್ಲಿ ಕೂಡಿದ ಹೆಣ್ಣು ಹಾರಿಬಂದು ಇಲ್ಲಿ ಮೊಟ್ಟೆಯಿಡುತ್ತದೆ. ಊರಿನವರು ಸೇರಿ ಒಂದೇ ಬಯಲಿಗೆ ಕಟ್ಟಬೇಕು.

ಬೆಂಗಳೂರಿನಲ್ಲೇ ನಡೆದ ಒಂದು ಕೆಲಸವನ್ನೂ ಹೇಳಬೇಕು. ಮಾವು, ಸೀಬೆಯ ಹಣ್ಣಿನ ನೊಣದ ಗಂಡುಗಳನ್ನು ಸೆಳೆಯುವ ಮಿಥೈಲ್ ಯೂಜಿನಾಲ್ ಬೇಗ ಆವಿಯಾಗುವ ದ್ರವ. ಅದನ್ನು ಪ್ಲೈವುಡ್ ತುಂಡಿನಲ್ಲಿ ನೆನೆಸಿ ಬಲೆಯಲ್ಲಿ ತೂಗುಹಾಕುವುದು ನಮ್ಮ ತೋಟಗಳಲ್ಲಿ ರೂಢಿಯಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ (ಆಗ ಅದರ ಹೆಸರು ತುಸು ಬೇರೆಯಿತ್ತು) ವಿಜ್ಞಾನಿಗಳು ಈ ದ್ರವವನ್ನು ಅತಿಸೂಕ್ಷ್ಮ ಎಳೆಗಳ ಬಲೆಯುಳ್ಳ ಮುದ್ದೆಯಾಗಿ ಹೆಪ್ಪುಗಟ್ಟಿಸಿ, ಸೀಬೆ ತೋಟದಲ್ಲಿ ಪರೀಕ್ಷಿಸಿ, 2013ರಲ್ಲಿ ಪ್ರಕಟಿಸಿದರು. ಹಾಲು ಮೊಸರಾದಂತೆ ದ್ರವ ಗಟ್ಟಿಯಾಗಿ, ಬಿಸಿಲು ಮಳೆಯಲ್ಲೂ ನಿಧಾನವಾಗಿ ವಾಸನೆ ಬಿಟ್ಟಿತು.

ಲೂರ್ ಬಳಸುವವರು ಬಲೆಯನ್ನು ಬೆಳೆಯ ತುದಿಗಿಂತ ಒಂದು ಅಡಿ ಮೇಲಿರುವಂತೆ ಕಟ್ಟಿ, ಬೆಳೆ ಬೆಳೆದಂತೆ ಏರಿಸುತ್ತಿರಬೇಕು. ಮೂರು ನಾಲ್ಕು ವಾರಕ್ಕೊಮ್ಮೆ, ಅಥವಾ ಪೊಟ್ಟಣದ ಮೇಲೆ ಹೇಳಿದ ಅವಧಿಗೆ, ಲೂರ್ ಬದಲಿಸಬೇಕು. ಬೀಡಿ, ಹೊಗೆಸೊಪ್ಪು, ಔಷಧ ಮುಟ್ಟಿದ ಕೈಯಲ್ಲಿ ಅದನ್ನು ಹಿಡಿಯಬಾರದು. ಬಿಚ್ಚದ ಲೂರುಗಳನ್ನು ತಂಪಾದ ಜಾಗದಲ್ಲಿಡಬೇಕು. ಬಿಚ್ಚಿದ ಮೇಲೆ ಅದರ ಹೊದಿಕೆಯನ್ನಾಗಲಿ, ತೆಗೆದ ಹಳೆಯ ತುಂಡನ್ನಾಗಲಿ ಹೊಲದಲ್ಲೇ ಬಿಸಾಡಬಾರದು. ಅದರಲ್ಲಿ ಇನ್ನೂ ವಾಸನೆ ಉಳಿದಿರುತ್ತದೆ, ಗಂಡು ಪತಂಗ ಬಲೆಯನ್ನು ಬಿಟ್ಟು ಅತ್ತ ಸುತ್ತುತ್ತದೆ.